ಮಾನಸಗಂಗೋತ್ರಿ ಹತ್ತಿರ ಮನೆ, ಕಾರು ಬೇಡ ಅಂದುಕೊಂಡಿದ್ದೇವೆ. ಆಗುತ್ತಾ?

ಶಿವಮೊಗ್ಗದಿಂದ

ಎಲ್ಲರಿಗೂ ನಮಸ್ಕಾರ. ಮುಂದಿನ ತಿಂಗಳು ಮೈಸೂರಿಗೆ ಬರುತ್ತಿದ್ದೇವೆ. ನನಗೆ ಮೈಸೂರು ವಿಶ್ವವಿದ್ಯಾಲಯದ ಕ್ಯಾಂಪಸ್ ಮಾನಸಗಂಗೋತ್ರಿಯಲ್ಲಿ ಕೆಲಸ. ಹೆಂಡತಿಗೆ ದೇವರಾಜ ಅರಸು ರಸ್ತೆ ಕಡೆ ಆಫೀಸು. ಜೊತೆಗೆ ಅಮ್ಮ ಇದ್ದಾರೆ, ಮಂಡಿ ನೋವು. ಮಗಳು ಈ ವರ್ಷ ಒಂದನೇ ಕ್ಲಾಸ್. ಊರಲ್ಲಿದ್ದ ಹಳೇ ಕಾರು ಮಾರಿ ಬರೋಣ ಅಂತಿದ್ದೇವೆ, ಹೊಸದಕ್ಕೆ ಸದ್ಯಕ್ಕೆ ಮನಸ್ಸಿಲ್ಲ. ನೆಂಟರೆಲ್ಲ "ಮಗು, ವಯಸ್ಸಾದವರು ಇರೋ ಮನೇಲಿ ಕಾರಿಲ್ಲದೆ ಹೇಗಪ್ಪಾ" ಅಂತ ಹೆದರಿಸುತ್ತಿದ್ದಾರೆ. ಸರಸ್ವತೀಪುರಂ, ಪಡುವಾರಹಳ್ಳಿ, ಬೋಗಾದಿ, ಮೂರು ಕಡೆ ಮನೆ ನೋಡಿದ್ದೇವೆ. ಬೋಗಾದಿಯ ಮನೆ ದೊಡ್ಡದು, ಬಾಡಿಗೆಯೂ ಕಡಿಮೆ. ಆ ಕಡೆ ಕಾರಿಲ್ಲದೆ ಸಂಸಾರ ಮಾಡುತ್ತಿರುವವರು ಇದ್ದರೆ ದಯವಿಟ್ಟು ಹೇಳಿ.

ಫೈರ್ ಸ್ಟೇಷನ್ ಪಕ್ಕ

ಮೊದಲು ಮನೆ ವಿಷಯ, ಮಿಕ್ಕಿದ್ದೆಲ್ಲ ಆಮೇಲೆ. ಮೈಸೂರಲ್ಲಿ ಕಾರು ಬೇಕೋ ಬೇಡವೋ ಅನ್ನುವುದು ಬಾಡಿಗೆ ಕರಾರಿಗೆ ಸಹಿ ಹಾಕುವ ದಿನವೇ ತೀರ್ಮಾನ ಆಗಿಬಿಡುತ್ತೆ. ಬೋಗಾದಿಯ ಆ ದೊಡ್ಡ ಮನೆ ತಗೊಂಡರೆ ವರ್ಷದೊಳಗೆ ಕಾರು ಬಂತು ಅಂತಲೇ ಇಟ್ಟುಕೊಳ್ಳಿ.

ನಕ್ಷೆ ತೆಗೆದು ನೋಡಿ. ಕ್ಯಾಂಪಸ್ 739 ಎಕರೆ. ಉತ್ತರಕ್ಕೆ ಹುಣಸೂರು ರಸ್ತೆ, ದಕ್ಷಿಣಕ್ಕೆ ಬೋಗಾದಿ ರಸ್ತೆ, ಪೂರ್ವಕ್ಕೆ ಕುಕ್ಕರಹಳ್ಳಿ ಕೆರೆ. ಕೆರೆಯ ಆಚೆ ಕ್ರಾಫರ್ಡ್ ಹಾಲ್, ಮಹಾರಾಜ ಕಾಲೇಜು. ಅಲ್ಲಿಂದ ಮುಂದೆ ಹಳೇ ಊರು. ಸರಸ್ವತೀಪುರಂ ಕೆರೆಯ ತೆಂಕಣಕ್ಕೆ ಬರುತ್ತೆ. ಹಾಗಾಗಿ ನಿಮಗೆ ಗಂಗೋತ್ರಿ ಒಂದು ಕಡೆ, ನಿಮ್ಮ ಮನೆಯವರಿಗೆ ಅರಸು ರಸ್ತೆ ಇನ್ನೊಂದು ಕಡೆ, ಎರಡೂ ಕೈಗೆಟುಕುವ ದೂರ. ನೀವು ನಡೆದೇ ಹೋಗಬಹುದು, ಅವರಿಗೆ ಬಸ್ಸೋ ಆಟೋನೋ ಸಾಕು. ಪಡುವಾರಹಳ್ಳಿ ಆದರೆ ಹುಣಸೂರು ರಸ್ತೆ ದಾಟಿದರೆ ಕ್ಯಾಂಪಸ್. ಆದರೆ ಅಲ್ಲಿ ಪಿಜಿ, ಮೆಸ್ಸು, ಹುಡುಗರ ಗಲಾಟೆ ಜಾಸ್ತಿ. ಅಮ್ಮನಿಗೆ ಹಿಡಿಸುತ್ತೋ ಇಲ್ಲವೋ ನೋಡಿಕೊಳ್ಳಿ.

ನಮ್ಮ ಸರಸ್ವತೀಪುರಂನಲ್ಲಿ ಬಾಡಿಗೆ ಜಾಸ್ತಿ, ಒಪ್ಪುತ್ತೇನೆ. ಆ ಹೆಚ್ಚಿನ ದುಡ್ಡನ್ನೇ ನಿಮ್ಮ ಕಾರಿನ ಕಂತು ಅಂದುಕೊಳ್ಳಿ. ನಮ್ಮನೇಲಿ ಮಕ್ಕಳು ಓದಿ ಮುಗಿಸುವ ತನಕ ಕಾರು ಇರಲಿಲ್ಲ. ಹಾಲು, ಸೊಪ್ಪು, ಔಷಧಿ, ಝೆರಾಕ್ಸ್, ದರ್ಜಿ ಎಲ್ಲ ಎರಡು ಮೂರು ಅಡ್ಡರಸ್ತೆ ಒಳಗೆ ಸಿಗುತ್ತಿತ್ತು, ಈಗಲೂ ಸಿಗುತ್ತೆ. ಬೆಳಗ್ಗೆ ಸೊಪ್ಪಿನವಳು ಗೇಟ್ ಹತ್ತಿರವೇ ಕೂಗುತ್ತಾಳೆ.

ವರ್ತುಲ ರಸ್ತೆ ಆಚೆ

ಸರ್, ನೀವು ಹೇಳುವುದು ಕೇಳೋಕೆ ಚೆನ್ನಾಗಿದೆ. ಆದರೆ ಸರಸ್ವತೀಪುರದಲ್ಲಿ ಹಳೇ ಸ್ವಂತ ಮನೆ ಇದ್ದವರಿಗೆ ಈ ಮಾತು ಸುಲಭ. ನಾವು ರಿಂಗ್ ರೋಡ್ ಆಚೆ ಲೇಔಟ್‌ನಲ್ಲಿ ಇದ್ದೇವೆ, ಏಕೆಂದರೆ ಕೈಗೆ ಎಟುಕಿದ್ದು ಅಲ್ಲಿನ ಸೈಟು ಮಾತ್ರ. ಒಂದು ಬಸ್ ತಪ್ಪಿದರೆ ಮುಂದಿನದು ಯಾವಾಗ ಅಂತ ಸ್ಟಾಪಿನಲ್ಲಿ ನಿಂತವರಿಗೇ ಗೊತ್ತಿರಲ್ಲ. ಒಂದು ಕೊತ್ತಂಬರಿ ಕಟ್ಟಿಗೂ ಗಾಡಿ ತೆಗೀಬೇಕು.

ಇನ್ನೊಂದು. "ಕಾರಿಲ್ಲದೆ ಇದ್ದೇವೆ" ಅನ್ನುವವರ ಮನೆ ಮುಂದೆ ಎರಡು ಸ್ಕೂಟರ್ ನಿಂತಿರುತ್ತೆ. ಅದನ್ನೂ ಹೇಳಿ ಸ್ವಾಮಿ.

ಫೈರ್ ಸ್ಟೇಷನ್ ಪಕ್ಕ

ಸ್ಕೂಟರ್ ಇತ್ತು, ಈಗಲೂ ಒಂದಿದೆ. ಮುಚ್ಚಿಡುವಂಥದ್ದೇನಿಲ್ಲ. ಅವರು ಕೇಳಿದ್ದು ಕಾರಿನ ಬಗ್ಗೆ.

ಸೈಟಿನ ಮಾತು ನಿಜ. ಅದಕ್ಕೇ ಹೇಳಿದ್ದು, ಅವರು ಇನ್ನೂ ಬಾಡಿಗೆ ಹುಡುಕುತ್ತಿದ್ದಾರೆ. ಅವರ ಕೈಯಲ್ಲಿ ಆಯ್ಕೆ ಇದೆ.

ಲೆಕ್ಕದ ಪುಸ್ತಕ

ದುಡ್ಡಿನ ವಿಷಯ ಯಾರೂ ಬಿಡಿಸಿ ಹೇಳುವುದಿಲ್ಲ, ನಾನು ಹೇಳುತ್ತೇನೆ.

ಕರ್ನಾಟಕದಲ್ಲಿ ಕಾರಿನ ಜೀವಿತಾವಧಿ ತೆರಿಗೆ ದೇಶದಲ್ಲೇ ಜಾಸ್ತಿ ಇರುವ ಕಡೆಗಳಲ್ಲಿ ಒಂದು. 5 ಲಕ್ಷದವರೆಗೆ ಶೇ 13, 10 ಲಕ್ಷದವರೆಗೆ ಶೇ 14, 20 ಲಕ್ಷದವರೆಗೆ ಶೇ 17, ಅದರ ಮೇಲೆ ಶೇ 18. ಸೆಸ್ ಬೇರೆ. ಅಂದರೆ 8 ಲಕ್ಷದ ಕಾರಿಗೆ ಬರೀ ತೆರಿಗೆಯೇ 1,12,000 ರೂಪಾಯಿ. ಗಾಡಿ ಶೋರೂಮಿಂದ ಆಚೆ ಬರೋ ಮೊದಲೇ ಇದು ಕಟ್ಟಬೇಕು. 6 ಲಕ್ಷ ಸಾಲ ಐದು ವರ್ಷಕ್ಕೆ, ಬಡ್ಡಿ ಶೇ 9 ಅಂತ ಹಿಡಿದರೆ ತಿಂಗಳ ಕಂತು ಸುಮಾರು 12,450. ಇನ್ಶೂರೆನ್ಸು, ಸರ್ವಿಸು, ಪೆಟ್ರೋಲು ಇನ್ನೂ ಸೇರಿಲ್ಲ.

ಈಗ ಆ 12,450ಕ್ಕೆ ಆಟೋ ಲೆಕ್ಕ ಹಾಕಿ. ಒಂದು ಸಲಕ್ಕೆ 100 ರೂಪಾಯಿ ಅಂದರೂ ತಿಂಗಳಿಗೆ 124 ಸಲ. ದಿನಕ್ಕೆ ನಾಲ್ಕು ಸಲ ಆಟೋ ಹತ್ತಬಹುದು. ಅಷ್ಟು ಸಲ ಆಟೋ ಹತ್ತುವ ಮಧ್ಯಮ ವರ್ಗದ ಮನೆ ನಾನಂತೂ ನೋಡಿಲ್ಲ. ಆಟೋಗೆ 80 ರೂಪಾಯಿ ಕೊಡುವಾಗ ಹೊಟ್ಟೆ ಉರಿಯುತ್ತೆ, ಕಂತು ಮಾತ್ರ ಬ್ಯಾಂಕಿಂದ ತಾನಾಗೇ ಹೋಗುತ್ತೆ. ನೋವು ಗೊತ್ತಾಗಲ್ಲ. ಕಾರು ಅಗ್ಗ ಅನ್ನಿಸುವುದಕ್ಕೆ ಇದೇ ಕಾರಣ.

ಶಿವಮೊಗ್ಗದವರೇ, ಹಳೇ ಕಾರು ಮಾರಿ ಬಂದ ದುಡ್ಡನ್ನ ಬೇರೆ ಖಾತೆಯಲ್ಲಿ ಹಾಕಿ. ಆಟೋ, ಟ್ಯಾಕ್ಸಿ, ಬಸ್ ಎಲ್ಲಕ್ಕೂ ಅದರಿಂದಲೇ ತೆಗೆಯಿರಿ. ಎರಡು ವರ್ಷ ಆದಮೇಲೆ ಎಷ್ಟು ಉಳಿದಿದೆ ನೋಡಿ.

ಪಡುವಾರಹಳ್ಳಿ ಪಿಜಿ

ನಾನು ಸಂಶೋಧನಾ ವಿದ್ಯಾರ್ಥಿನಿ. ಕಾರಿನ ಮಾತು ಬಿಡಿ, ಸ್ಕೂಟರ್ ಕೂಡ ಇಲ್ಲ. ಹೆಂಗಸರ ಕಡೆಯಿಂದ ಒಂದೆರಡು ಮಾತು.

2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂತಲ್ಲ, ಅದು ನಮಗೆ ಬರೀ ದುಡ್ಡು ಉಳಿಸಲಿಲ್ಲ, ಓಡಾಟದ ರೀತಿಯನ್ನೇ ಬದಲಾಯಿಸಿತು. ಮೊದಲು ಎರಡು ಸ್ಟಾಪ್ ದೂರಕ್ಕೆ "ನಡೆದುಬಿಡೋಣ" ಅಂತಿದ್ದೆವು. ಈಗ ಯಾವ ಬಸ್ ಬಂದರೆ ಆ ಬಸ್, ಸುಮ್ನೆ ಹತ್ತೋದು, ಆಧಾರ್ ತೋರಿಸೋದು, ಸೊನ್ನೆ ಟಿಕೆಟ್ ತಗೊಳ್ಳೋದು. ಒಂದು ಬಸ್ ಅರ್ಧ ದಾರಿಗೆ ಹೋದರೂ ಪರವಾಗಿಲ್ಲ, ಅಲ್ಲಿಳಿದು ಇನ್ನೊಂದು. ಸಾಮಾನ್ಯ ಬಸ್ಸಿಗೆ ಮಾತ್ರ, ಎಸಿ ಬಸ್ಸಿಗಿಲ್ಲ. ಕರ್ನಾಟಕದ ವಿಳಾಸ ಇರುವ ಗುರುತಿನ ಚೀಟಿ ಇರಬೇಕು. ಕೇರಳದ ನನ್ನ ರೂಮ್‌ಮೇಟ್ ಟಿಕೆಟ್ ತಗೊಳ್ಳುತ್ತಾಳೆ, 2025ರ ಜನವರಿಯಲ್ಲಿ ದರ ಶೇ 15 ಏರಿದ್ದು ಅವಳಿಗೆ ಮಾತ್ರ ಗೊತ್ತಾಯಿತು! ನಿಮ್ಮ ಮನೆಯವರಿಗೆ, ಅಮ್ಮನಿಗೆ, ಮಗಳಿಗೆ ಬಸ್ ಖರ್ಚೇ ಇಲ್ಲ ಅಂತ ಲೆಕ್ಕದ ಪುಸ್ತಕದವರು ಸೇರಿಸಿಕೊಳ್ಳಬೇಕು.

ಕತ್ತಲಾದ ಮೇಲಿನ ಕಥೆ ಬೇರೆ. ಹಗಲು ಹೊತ್ತು ಕ್ಯಾಂಪಸ್ ಒಳಗೆ ನಡೆಯುವುದೇ ಒಂದು ಸುಖ, ಮರಗಳು, ನೆರಳು, ಗಾಡಿ ಕಡಿಮೆ. ಹುಣಸೂರು ರಸ್ತೆಯಿಂದ ಬೋಗಾದಿ ರಸ್ತೆಗೆ ಅದೇ ಒಳದಾರಿ. ಏಳು ಗಂಟೆ ಆದಮೇಲೆ ಅದೇ ದಾರಿಯಲ್ಲಿ ಒಬ್ಬಳೇ ಹೋಗಲ್ಲ. 2021ರ ಆಗಸ್ಟ್‌ನಲ್ಲಿ ಚಾಮುಂಡಿ ಬೆಟ್ಟದ ಹತ್ತಿರ ಆ ಅತ್ಯಾಚಾರ ನಡೆದಮೇಲೆ, ಸಂಜೆ 6.30ರ ನಂತರ ವಿದ್ಯಾರ್ಥಿನಿಯರು ಗಂಗೋತ್ರಿಯಲ್ಲಿ ಒಬ್ಬರೇ ಓಡಾಡಬಾರದು ಅಂತ ಸುತ್ತೋಲೆ ಹೊರಟಿತ್ತು ನೆನಪಿದೆಯಾ? ಎಲ್ಲರೂ ಬೈದ ಮೇಲೆ ವಾಪಸ್ ತಗೊಂಡರು. ಕಾರಿದ್ದವಳಿಗೆ ಆ ಸುತ್ತೋಲೆ ತಟ್ಟುವುದೇ ಇಲ್ಲ, ತಟ್ಟುವುದು ನಡೆಯುವವಳಿಗೆ. ನನಗೆ ಬೇಕಿರುವುದು ದೀಪ ಮತ್ತು ರಾತ್ರಿ ಒಂಬತ್ತರವರೆಗೆ ಬಸ್ಸು. ಲೈಬ್ರರಿಯಿಂದ ತಡವಾದರೆ ಮೂರು ನಾಲ್ಕು ಜನ ಸೇರಿ ಹೊರಡುತ್ತೇವೆ, ಇಲ್ಲ ಅಂದರೆ ಆಟೋ.

ಸೈಕಲ್ ಮೇಷ್ಟ್ರು

ಸೈಕಲ್ ಬಗ್ಗೆ ಇನ್ನೂ ಯಾರೂ ಎತ್ತಿಲ್ಲವಲ್ಲ!

ಟ್ರಿಣ್ ಟ್ರಿಣ್ ಅನ್ನೋ ಬಾಡಿಗೆ ಸೈಕಲ್ ಯೋಜನೆ ಶುರುವಾದದ್ದು ನಮ್ಮ ಊರಲ್ಲೇ, 2017ರ ಜೂನ್‌ನಲ್ಲಿ, 450 ಸೈಕಲ್‌ಗಳ ಜೊತೆ. ಒಂದು ನಿಲ್ದಾಣದಲ್ಲಿ ತಗೊಂಡು ಇನ್ನೊಂದರಲ್ಲಿ ಬಿಡೋದು. ದಿನಾ ಓಡಾಡುವವರಿಗೆ ಮಾತ್ರ ಸ್ವಂತ ಸೈಕಲ್ಲೇ ಸರಿ ಅಂತ ನನ್ನ ಅಭಿಪ್ರಾಯ. ಸೀಟು ನಮ್ಮ ಎತ್ತರಕ್ಕೆ, ಕ್ಯಾರಿಯರ್ ನಮ್ಮ ಚೀಲಕ್ಕೆ.

ಸರಸ್ವತೀಪುರಂನಿಂದ ಗಂಗೋತ್ರಿಗೆ ಸೈಕಲ್ ಹೇಳಿ ಮಾಡಿಸಿದ ದೂರ. ಹುಣಸೂರು ರಸ್ತೆಗೆ ಮಾತ್ರ ಇಳಿಯಬೇಡಿ. ಅಲ್ಲಿ ಊರ ಬಸ್ಸು, ಫ್ಯಾಕ್ಟರಿ ಬಸ್ಸು, ಕಾಲೇಜು ಬಸ್ಸು ಎಲ್ಲ ಒಟ್ಟಿಗೆ ನುಗ್ಗುತ್ತವೆ. ಬೋಗಾದಿ ರಸ್ತೆ ಕಡೆಯಿಂದ ಕ್ಯಾಂಪಸ್ ಒಳಗೆ ಸೇರಿಕೊಂಡರೆ ಮುಂದಿನದು ಆರಾಮ. ಕೆರೆ ಏರಿ ಮೇಲೆ ಸೈಕಲ್ ಆಸೆ ಬಿಡಿ, ಅದು ನಡೆಯುವವರ ಜಾಗ. ಹೋಗಿ ಬರುವ ಹೊತ್ತಲ್ಲಿ ಹೆಜ್ಜಾರ್ಲೆ ನೋಡುತ್ತಾ ನಿಂತು ತಡವಾದರೆ ನನ್ನನ್ನು ಬೈಯಬೇಡಿ. 1864ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಕಟ್ಟಿಸಿದ ಕೆರೆ, ನಡುಗುಡ್ಡೆಯ ಮರ ತುಂಬ ಹಕ್ಕಿ.

ಕ್ರಾಫರ್ಡ್ ಹಾಲ್ ಕಡೆ ಹೋಗುವಾಗ ರೈಲ್ವೆ ಗೇಟ್ ಒಂದಿದೆ. ಈಗ ಕೆಲವು ರೈಲು ಅಶೋಕಪುರಂ ತನಕ ಹೋಗುವುದರಿಂದ ಗೇಟ್ ಬೀಳುವುದೂ ಹೆಚ್ಚಾಗಿದೆ. ಬಿದ್ದರೆ ಕಾರುಗಳ ಸಾಲು ಹಿಂದಕ್ಕೆ ಬೆಳೆಯುತ್ತಲೇ ಇರುತ್ತೆ, ಎದುರು ಸಾಲಿನವರೂ ಬಲಕ್ಕೆ ಬಂದು ಮೂತಿಗೆ ಮೂತಿ ಹಚ್ಚಿ ನಿಲ್ಲುತ್ತಾರೆ. ಗೇಟ್ ಎದ್ದಮೇಲೂ ಯಾರೂ ಅಲ್ಲಾಡೋಕೆ ಆಗಲ್ಲ. ಸೈಕಲ್ಲು ಅಂಚಿನಲ್ಲಿ ತಳ್ಳಿಕೊಂಡು ಆಚೆ ಸೇರಿರುತ್ತೆ. ಪ್ಯಾಂಟಿನ ಬಲಗಾಲಿಗೆ ಒಂದು ರಬ್ಬರ್ ಬ್ಯಾಂಡ್ ಹಾಕೋದು ಮರೀಬೇಡಿ, ಚೈನಿನ ಗ್ರೀಸು ಯಾವ ಸೋಪಿಗೂ ಹೋಗಲ್ಲ.

ವರ್ತುಲ ರಸ್ತೆ ಆಚೆ

ಮಳೆಯಲ್ಲಿ?

ಸೈಕಲ್ ಮೇಷ್ಟ್ರು

ಮಳೆಯಲ್ಲಿ ಆಟೋ ಸಿಗಲ್ಲ, ಸೈಕಲ್ ಜಾರುತ್ತೆ, ಬಸ್ ತುಂಬಿರುತ್ತೆ. ನಿಮ್ಮ ಕಾರಿನವರೂ ಅಂಡರ್‌ಪಾಸ್ ನೀರಲ್ಲಿ ನಿಂತಿರ್ತಾರೆ. ಮೇ ತಿಂಗಳ ಸಂಜೆ ಮಳೆಗೆ ಕೊಂಬೆ ಬೀಳುತ್ತೆ, ಅವತ್ತು ಸ್ವಲ್ಪ ಹೊತ್ತು ಡಿಪಾರ್ಟ್‌ಮೆಂಟಲ್ಲೇ ಕೂತು ಕಾಫಿ ಕುಡೀಬೇಕು. ಶಿವಮೊಗ್ಗದವರಿಗೆ ಮೈಸೂರಿನ ಮಳೆ ಒಂದು ಮಳೆಯಾ ಮಾರಾಯ್ರೆ?

ಅತ್ತೆ ಜೊತೆ ಸೊಸೆ

ಮೇಷ್ಟ್ರೇ, ನಗಿಸಿದ್ರಿ. ಆದರೆ ಅವರ ಅಮ್ಮನ ಮಂಡಿ ವಿಷಯ ಯಾರೂ ಮುಟ್ಟಲೇ ಇಲ್ಲ. ಗಂಡಸರು ಸೈಕಲ್ಲು, ತೆರಿಗೆ ಅಂತ ಮಾತಾಡ್ತಾ ಇದ್ದೀರಿ.

ನಮ್ಮತ್ತೆಗೆ ಎಪ್ಪತ್ತೆಂಟು. ಎರಡೂ ಮಂಡಿ ಹೋಗಿದೆ. ಸಿಟಿ ಬಸ್ಸಿನ ಮೊದಲನೇ ಮೆಟ್ಟಿಲು ಅವರ ಮಂಡಿಗಿಂತ ಎತ್ತರ. ಒಂದು ಕೈಯಲ್ಲಿ ಕಂಬಿ ಹಿಡಿದು, ಒಂದು ಕಾಲು ಮೇಲಿಟ್ಟು, ಹಿಂದಿನಿಂದ ನಾನು ಸೊಂಟಕ್ಕೆ ಕೈ ಕೊಟ್ಟು ಎತ್ತಬೇಕು. ಅಷ್ಟರಲ್ಲಿ ಕಂಡಕ್ಟರ್ ಸೀಟಿ ಊದಿರ್ತಾರೆ. ಬಿಟ್ಟಿ ಬಸ್ಸು ಅವರ ಪಾಲಿಗೆ ಇದ್ದೂ ಇಲ್ಲ. ಅಮ್ಮನಿಗೆ ಬಸ್ ಅಂತ ಲೆಕ್ಕಕ್ಕೆ ಇಟ್ಟುಕೊಳ್ಳಲೇಬೇಡಿ.

ಕಾರೂ ಅಷ್ಟೇನೂ ಸುಖವಿಲ್ಲ ಗೊತ್ತಾ. ನನ್ನ ತಮ್ಮನ ಚಿಕ್ಕ ಕಾರಲ್ಲಿ ಅತ್ತೆ ಕೂರುವಾಗ ಒಳಗೆ ಬಿದ್ದ ಹಾಗೆ ಬೀಳ್ತಾರೆ, ಏಳುವಾಗ ಇಬ್ಬರು ಎಳೀಬೇಕು. ಆಟೋದ ಸೀಟು ಸರಿಯಾದ ಎತ್ತರದಲ್ಲಿದೆ, ಹಿಡಿಯೋಕೆ ಕಂಬಿ ಇದೆ, ಆಸ್ಪತ್ರೆಯ ಬಾಗಿಲಿಗೇ ತಂದು ನಿಲ್ಲಿಸುತ್ತೆ. ಪಾರ್ಕಿಂಗ್ ಹುಡುಕಿಕೊಂಡು ಅವರನ್ನ ಒಬ್ಬರೇ ನಿಲ್ಲಿಸಿ ಹೋಗುವ ಗೋಳಿಲ್ಲ. ನಮ್ಮ ಸ್ಟ್ಯಾಂಡಿನ ಇಬ್ಬರು ಆಟೋ ಅಣ್ಣಂದಿರ ನಂಬರ್ ಫ್ರಿಜ್ ಮೇಲೆ ಬರೆದು ಅಂಟಿಸಿದ್ದೇನೆ. ಹಬ್ಬಕ್ಕೆ ಅವರಿಗೂ ಹೋಳಿಗೆ ಹೋಗುತ್ತೆ. ರಾತ್ರಿ ಹತ್ತರ ಮೇಲೆ ಮೀಟರ್ ಮೇಲೆ ಒಂದೂವರೆ ಕೇಳ್ತಾರೆ, ಕೊಡಬೇಕು. ಆ ಹೊತ್ತಲ್ಲಿ ಎದ್ದು ಬರುತ್ತಾರಲ್ಲ.

ತುಂಬಾ ಸೀರಿಯಸ್ ಆದರೆ ಆಟೋನೂ ಬೇಡ, ಸ್ವಂತ ಕಾರೂ ಬೇಡ. 108ಕ್ಕೆ ಫೋನ್ ಮಾಡಿ. ನಮ್ಮ ಬೀದಿಯಲ್ಲೇ ಒಬ್ಬರು ಎದೆನೋವು ಬಂದು ತಾವೇ ಕಾರು ಓಡಿಸಿಕೊಂಡು ಹೊರಟಿದ್ದರು. ಪಕ್ಕದ ಮನೆಯವರು ಓಡಿಹೋಗಿ ಕೀಲಿ ಕಿತ್ತುಕೊಂಡರು.

ಇನ್ನು ಮಗಳು. ಶಾಲೆ ನಡೆದು ಹೋಗುವ ದೂರದಲ್ಲಿ ಸಿಕ್ಕಿದರೆ ಅದನ್ನೇ ಹಾಕಿ, "ಒಳ್ಳೇ ಶಾಲೆ" ಹುಡುಕಿಕೊಂಡು ಊರಾಚೆ ಹೋಗಬೇಡಿ. ಸರಸ್ವತೀಪುರಂ ಕುವೆಂಪುನಗರದಲ್ಲಿ ಶಾಲೆಗೇನು ಬರ.

ಚಿಗರಿ

ನಾನು ಧಾರವಾಡದವ್ರಿ, ಕೆಲಸದ ಮೇಲೆ ಮೈಸೂರಿಗೆ ಬಂದು ಈಗ ಜಯಲಕ್ಷ್ಮೀಪುರಂನಲ್ಲಿದ್ದೇನೆ. ನಮ್ಮ ಹುಬ್ಬಳ್ಳಿ-ಧಾರವಾಡ ನಡುವೆ ಬಿಆರ್‌ಟಿಎಸ್ ಐತಲ್ಲ, ಸುಮಾರು 22 ಕಿ.ಮೀ., ಬಸ್ಸಿಗೆ ಪ್ರತ್ಯೇಕ ದಾರಿ. ಚಿಗರಿ ಬಸ್ಸು 2018ರಲ್ಲಿ ಓಡಾಟ ಶುರು ಮಾಡಿದವು. ಪ್ಲಾಟ್‌ಫಾರ್ಮ್ ಎತ್ತರ, ಬಸ್ಸಿನ ನೆಲ ಎತ್ತರ, ಎರಡೂ ಸಮ. ಸೊಸೆಯವರ ಅತ್ತೆಯಂಥವರು ಮೆಟ್ಟಿಲಿಲ್ಲದೆ ಒಳಗೆ ಹೋಗಬಹುದು. ಆದರೆ ನೋಡ್ರಿ, ಕರ್ನಾಟಕ ವಿಶ್ವವಿದ್ಯಾಲಯ ಆ ದಾರಿ ಮೇಲೆ ಇಲ್ಲ. ಇಳಿದ ಮೇಲೆ ಮತ್ತೆ ಆಟೋನೋ ಬೇರೆ ಬಸ್ಸೋ ಹಿಡೀಬೇಕು.

ಮೈಸೂರಿನ ತೊಂದರೆ ಬೇರೆ ಥರದ್ದು. ಇಲ್ಲಿ ಹೆಚ್ಚಿನ ಸಿಟಿ ಬಸ್ಸೆಲ್ಲ ಅರಮನೆ ಪಕ್ಕದ ಸಿಟಿ ಬಸ್ ಸ್ಟ್ಯಾಂಡಿಗೇ ಹೋಗಿ ಮುಟ್ಟುತ್ತವೆ. ಊರ ನಡುವೆ ಹೋಗುವವರಿಗೆ ಇದು ಬಹಳ ಚಲೋ. ಆದರೆ ಸರಸ್ವತೀಪುರಂನಿಂದ ಗೋಕುಲಂಗೆ ಹೋಗಬೇಕೆಂದರೆ ಅರಮನೆ ಸುತ್ತಿ ಬರಬೇಕು. ನಡುವೆ ಕ್ಯಾಂಪಸ್ಸು, ಕೆರೆ ಅಡ್ಡ. ನೀವು ಒಂದು ಬಡಾವಣೆಯಿಂದ ಇನ್ನೊಂದಕ್ಕೆ ದಿನಾ ಹೋಗುವವರಾದರೆ ಬಸ್ ನಂಬಬೇಡಿ. ಬಡಾವಣೆಯಿಂದ ಊರ ನಡುವೆ ಹೋಗುವವರಾದರೆ ಕಣ್ಣು ಮುಚ್ಚಿ ನಂಬಬಹುದು. ನಿಮ್ಮ ಮನೆಯವರ ಆಫೀಸು ಅರಸು ರಸ್ತೆ ಅಂದ್ರಲ್ಲ, ಅದೇ ನಿಮ್ಮ ಪುಣ್ಯ.

ಫೈರ್ ಸ್ಟೇಷನ್ ಪಕ್ಕ

ಈ ಮಾತು ನಾನೇ ಹೇಳಬೇಕಿತ್ತು, ಚಿಗರಿಯವರು ಹೇಳಿದರು.

ರೈಲು ಸೇರಿಸುತ್ತೇನೆ. ಚಾಮರಾಜಪುರಂ ಸ್ಟೇಷನ್ ನಮಗೆ ಮಗ್ಗುಲಲ್ಲೇ. ಸಣ್ಣ ಸ್ಟೇಷನ್ನು, ಎಷ್ಟೋ ಜನ ಮೈಸೂರಿನವರೇ ಹತ್ತಿಲ್ಲ. ಚಾಮರಾಜನಗರದ ಪ್ಯಾಸೆಂಜರ್ ಅಲ್ಲಿ ನಿಲ್ಲುತ್ತೆ. ನಂಜನಗೂಡಿಗೆ ಸೋಮವಾರ ಹೋಗುವವರಿಗೆ ಅದಕ್ಕಿಂತ ಸುಲಭದ ದಾರಿ ಇಲ್ಲ.

ಇನ್ನು ದಸರಾ. ಆ ಹತ್ತು ದಿನ ಊರೊಳಗೆ ಎಲ್ಲ ಒನ್ ವೇ, ಅಲ್ಲಲ್ಲಿ ಬ್ಯಾರಿಕೇಡು. ದೀಪಾಲಂಕಾರ ನೋಡೋಕೆ ಕಾರಲ್ಲಿ ಹೋದವರು ಮುಂದಿನ ಕಾರಿನ ಹಿಂಬದಿ ದೀಪ ನೋಡಿಕೊಂಡು ಬರುತ್ತಾರೆ. ನಾವು ಸಂಜೆ ಏಳಕ್ಕೆ ನಡೆದು ಹೊರಟು, ಚುರುಮುರಿ ತಿಂದು, ಒಂಬತ್ತೂವರೆಗೆ ಮನೇಲಿ.

ಲೆಕ್ಕದ ಪುಸ್ತಕ

ನಡೆಯೋದು ನಡೆಯೋದು ಅಂತೀರಲ್ಲ, ಫುಟ್‌ಪಾತ್ ಎಲ್ಲಿದೆ ಸರ್? ಇದೇ ಬಡಾವಣೆಯಲ್ಲಿ ನೋಡಿ. ಪ್ರತಿ ಗೇಟಿನ ಮುಂದೆ ಕಾರು ಹತ್ತಿಸೋಕೆ ಸಿಮೆಂಟಿನ ಇಳಿಜಾರು. ಇಳಿಜಾರು ಮುಗಿದ ಕಡೆ ಕಬ್ಬಿಣದ ಬೇಲಿ ಹಾಕಿ ದಾಸವಾಳ, ತುಳಸಿ, ಒಂದು ಕರಿಬೇವು. ಬೇಲಿ ಮುಗಿದ ಕಡೆ ಟ್ರಾನ್ಸ್‌ಫಾರ್ಮರ್. ಅದರ ಪಕ್ಕ ಮುಸುಕು ಹಾಕಿದ ಕಾರು, ಅದನ್ನ ಹೊರಗೆ ತೆಗೆಯುವುದು ಯುಗಾದಿಗೊಮ್ಮೆ. ಮಗು ಕೈ ಹಿಡಿದು ನಡೆಯುವ ತಾಯಿ ಪ್ರತಿ ಹತ್ತು ಹೆಜ್ಜೆಗೆ ರಸ್ತೆಗೆ ಇಳೀಬೇಕು. ಕಾರಿಲ್ಲದವರ ಜಾಗದಲ್ಲಿ ಕಾರಿನವರ ಕಾರು ನಿಂತಿದೆ, ಬಾಡಿಗೆ ಇಲ್ಲದೆ.

ಸೈಕಲ್ ಮೇಷ್ಟ್ರು

ಹಳೇ ಬಡಾವಣೆಗಳಲ್ಲಿ ಮನೆಗಳ ಹಿಂದೆ, ಕಸ ಎತ್ತುವವರು ಓಡಾಡೋಕೆ ಅಂತ, ಕನ್ಸರ್ವೆನ್ಸಿ ಓಣಿ ಬಿಟ್ಟಿದ್ದಾರಲ್ಲ, ಅದನ್ನ ಚೊಕ್ಕ ಮಾಡಿ ದೀಪ ಹಾಕಿದರೆ ನಡೆಯುವವರಿಗೆ, ಸೈಕಲ್ಲಿಗೆ ಬೇರೆ ದಾರಿಯೇ ಆಗುತ್ತೆ. 1903ರಲ್ಲೇ ನಗರ ಸುಧಾರಣಾ ಟ್ರಸ್ಟ್ ಮಂಡಳಿ ಮಾಡಿದ ಊರು ಇದು. ಜಾಗ ಬಿಟ್ಟುಹೋಗಿದ್ದಾರೆ, ನಾವು ಕಸ ತುಂಬಿದ್ದೇವೆ.

ವರ್ತುಲ ರಸ್ತೆ ಆಚೆ

ಓಣಿಗೆ ದೀಪ ಬರುವ ಹೊತ್ತಿಗೆ ಇವರ ಮಗಳು ಪಿಎಚ್‌ಡಿ ಮುಗಿಸಿರ್ತಾಳೆ.

ಆದರೂ ಒಂದು ಮಾತು. ನಾನು ಕಾರು ಮಾರಲ್ಲ, ನನಗೆ ಆಗಲ್ಲ. ಆದರೆ ಹೊಸದಾಗಿ ಬರುವವರು ನಾನಿರುವ ಕಡೆ ಮನೆ ಮಾಡಿ, "ಕಾರಿಲ್ಲದೆ ಆಗಲಿಲ್ಲ" ಅನ್ನುವುದಕ್ಕಿಂತ ಫೈರ್ ಸ್ಟೇಷನ್‌ನವರ ಮಾತು ಕೇಳುವುದೇ ವಾಸಿ. ಬೋಗಾದಿಯಲ್ಲೂ ವರ್ತುಲ ರಸ್ತೆಗಿಂತ ಈಚೆ, ಕ್ಯಾಂಪಸ್ಸಿನ ಹತ್ತಿರಕ್ಕೆ ಸಿಕ್ಕಿದರೆ ನೋಡಬಹುದು. ಆಚೆ ಬೇಡ.

ಶಿವಮೊಗ್ಗದಿಂದ

ಎಲ್ಲರಿಗೂ ಧನ್ಯವಾದ. ರಾತ್ರಿ ಕೂತು ಎಲ್ಲವನ್ನೂ ಹೆಂಡತಿಗೆ, ಅಮ್ಮನಿಗೆ ಓದಿ ಹೇಳಿದೆ. ಆಟೋದ ಸೀಟಿನ ಎತ್ತರದ ಮಾತಿಗೆ ಅಮ್ಮ "ಯಾರೋ ಅನುಭವಸ್ಥರು" ಅಂದರು. ಬೋಗಾದಿ ಮನೆ ಬಿಟ್ಟೆವು, ಅದು ರಿಂಗ್ ರೋಡ್ ಆಚೆಯೇ ಇತ್ತು. ಸರಸ್ವತೀಪುರಂನಲ್ಲಿ ಎರಡು ಮನೆ ಉಳಿದಿವೆ. ಒಂದು ನೆಲಮಹಡಿ, ಚಿಕ್ಕದು, ಬೋಗಾದಿ ರಸ್ತೆಗೆ ಹತ್ತಿರ. ಇನ್ನೊಂದು ಮೊದಲನೇ ಮಹಡಿ, ಗಾಳಿ ಬೆಳಕು ಚೆನ್ನಾಗಿದೆ, ಕಾರು ನಿಲ್ಲಿಸೋಕೆ ಜಾಗವೂ ಇದೆ ಅಂತ ಮಾಲೀಕರು ಬಾಡಿಗೆ ಜಾಸ್ತಿ ಹೇಳುತ್ತಿದ್ದಾರೆ.

ಅತ್ತೆ ಜೊತೆ ಸೊಸೆ

ನೆಲಮಹಡಿ. ಅಮ್ಮನ ಮಂಡಿ ಇಟ್ಟುಕೊಂಡು ಯೋಚನೆಯೇ ಮಾಡಬೇಡಿ.

ಲೆಕ್ಕದ ಪುಸ್ತಕ

ಕಾರಿಲ್ಲದವರು ಕಾರು ನಿಲ್ಲಿಸುವ ಜಾಗಕ್ಕೆ ಬಾಡಿಗೆ ಯಾಕೆ ಕೊಡಬೇಕು? ಅದನ್ನ ಬೇರೆಯವರಿಗೆ ಕೊಟ್ಟುಕೊಳ್ಳಿ, ನಮಗೆ ಬಾಡಿಗೆ ಇಳಿಸಿ ಅಂತ ಕೇಳಿ ನೋಡಿ. ಆ ಬೀದಿಯಲ್ಲಿ ಜಾಗ ಸಾಲದೆ ರಸ್ತೆಯಲ್ಲಿ ಕಾರು ನಿಲ್ಲಿಸುವವರು ಇದ್ದೇ ಇರ್ತಾರೆ. ಒಪ್ಪದಿದ್ದರೆ ನೆಲಮಹಡಿಗೆ ಇವತ್ತೇ ಅಡ್ವಾನ್ಸ್ ಕೊಟ್ಟುಬಿಡಿ, ಕಾಲೇಜು ಶುರುವಾದರೆ ಈ ಕಡೆ ಮನೆ ನಿಲ್ಲಲ್ಲ.